ಇನ್ನೊಂದೇ ಸಲ, ಅಮ್ಮಾ

ನನ್ನ ಗಂಡ ಫೋಟೋಗ್ರಾಫರ್. ಚುನಾವಣೆ ಬಂತೆಂದರೆ ನಾನು ಅವನ ಬಾಲ. ಮುಖಕ್ಕೆ ಬೆಳಕು ಬೀಳುವಂತೆ ಬಿಳಿ ಥರ್ಮಾಕೋಲ್ ಹಲಗೆ ಹಿಡಿದು ನಿಲ್ಲುವುದು ನನ್ನ ಕೆಲಸ.

ಆ ದಿನ ಪ್ರಾರ್ಥನಾ ಮಂದಿರದಲ್ಲಿ ಅಭ್ಯರ್ಥಿಯ ಭಕ್ತಿಯನ್ನು ಸೆರೆಹಿಡಿಯಬೇಕಿತ್ತು. ಹಿಂದಿನ ಸಲ ಗೆದ್ದ ಮೇಲೆ ಅತ್ತ ತಲೆ ಹಾಕದ ಮನುಷ್ಯ, ಬಾಗಿಲಲ್ಲಿ ತಲೆ ಬಾಗುವುದನ್ನೇ ಮತ್ತೆ ಮತ್ತೆ ತೆಗೆಸಿಕೊಂಡ.

ಒಳಗೆ ಮುಂದಿನ ಸಾಲಿನಲ್ಲಿ ನಮ್ಮತ್ತೆ ಕೂತಿದ್ದರು. ಅವರಿರುತ್ತಾರೆಂದು ನಮಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನನ್ನ ನಾದಿನಿಗೆ ಹೃದಯದ ಆಪರೇಷನ್. ಅತ್ತೆ ಕಣ್ಣು ಮುಚ್ಚಿ, ಕೈ ಮುಗಿದು, ಸದ್ದಿಲ್ಲದೆ ಅಳುತ್ತಿದ್ದರು. ಅಭ್ಯರ್ಥಿ ಅವರ ಪಕ್ಕದಲ್ಲೇ ಕೂತು ಬಕಧ್ಯಾನಕ್ಕಿಳಿದ. ಗಂಡ ಫೋಟೋ ತೆಗೆದ. ಅಷ್ಟರವರೆಗೆ ಅದು ಹೊಟ್ಟೆಪಾಡು.

ಪ್ರಚಾರ ನೋಡಿಕೊಳ್ಳುವವನು ಕ್ಯಾಮೆರಾದಲ್ಲಿ ಇಣುಕಿ ಮುಖ ಗಂಟಿಕ್ಕಿದ. "ಸಾಹೇಬ್ರು ಕಣ್ಣು ಬಿಟ್ಬಿಟ್ಟಿದ್ದಾರೆ ನೋಡಿ. ಅಜ್ಜಿ ಮಾತ್ರ ಚೆನ್ನಾಗಿ ಅತ್ತಿದ್ದಾರೆ. ಇನ್ನೊಂದು ಸಲ ಅಳೋಕೆ ಹೇಳಿ."

'ಇವರು ನಮ್ಮಮ್ಮ' ಎನ್ನಲು ಗಂಡನಿಗೆ ಎಷ್ಟು ಹೊತ್ತು ಬೇಕಿತ್ತು? ನನಗೂ ಬಾಯಿ ಇತ್ತು, ಮನೆಯಲ್ಲಿ ಊರಿಗೆಲ್ಲ ಕೇಳುವಂಥ ಬಾಯಿ. ಇಬ್ಬರ ಬಾಯಿಗೂ ಬೀಗ ಬಿತ್ತು. ಗಂಡ ಬಗ್ಗಿ, "ಅಮ್ಮಾ, ಇನ್ನೊಂದೇ ಸಲ. ಮುಖ ಸ್ವಲ್ಪ ಬೆಳಕಿನ ಕಡೆ ಇರಲಿ," ಎಂದ.

ಅತ್ತೆ ಕಣ್ಣು ಬಿಟ್ಟು ಮಗನನ್ನು ನೋಡಿದರು, ಹಲಗೆ ಹಿಡಿದ ನನ್ನನ್ನು ನೋಡಿದರು. ಮಗನ ಕೆಲಸ ಕೆಡಬಾರದಲ್ಲ. ಮುಖವನ್ನು ಬೆಳಕಿನ ಕಡೆ ತಿರುಗಿಸಿ ಮತ್ತೆ ಅತ್ತರು. ಚೆನ್ನಾಗಿಯೇ ಅತ್ತರು. ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಆದರೂ ಹಲಗೆಯನ್ನು ನಾನು ಅಲುಗಿಸಲಿಲ್ಲ.

ಬೆಳಗಾಗುವಷ್ಟರಲ್ಲಿ ಆಸ್ಪತ್ರೆಯ ಎದುರಿನ ಗೋಡೆಯ ಮೇಲೆ ಅತ್ತೆ ಆಳೆತ್ತರ ಅಳುತ್ತಿದ್ದರು. ಪಕ್ಕದಲ್ಲಿ ಕಣ್ಣು ಮುಚ್ಚಿದ ಅಭ್ಯರ್ಥಿ. ಕೆಳಗೆ ದಪ್ಪಕ್ಷರದಲ್ಲಿ, 'ಈ ತಾಯಿ ದೇವರಲ್ಲಿ ಬೇಡುತ್ತಿರುವುದು ಇವರ ಗೆಲುವನ್ನು.' ಅತ್ತೆ ನಿಂತು ಅದನ್ನು ಪೂರ್ತಿ ಓದಿ, ಸೆರಗು ಸರಿಮಾಡಿಕೊಂಡು ಒಳಗೆ ನಡೆದರು.

ಆಪರೇಷನ್ ಕೋಣೆಯ ಹೊರಗೆ ಮೂವರೂ ಒಂದೇ ಬೆಂಚಿನಲ್ಲಿ ಕೂತೆವು. ಅತ್ತೆ ಕೈ ಮುಗಿಯುವುದು, ಬಿಡುವುದು, ಮತ್ತೆ ಮುಗಿಯುವುದು.

"ಅವಳಿಗೋಸ್ಕರ ಬೇಡ್ಕೋಮ್ಮ," ಎಂದ ಗಂಡ.

"ಆಗ್ತಿಲ್ಲ ಕಣೋ. ಕಣ್ಣು ಮುಚ್ಚಿದ್ರೆ ಮುಖ ತಾನಾಗೇ ಬೆಳಕಿನ ಕಡೆ ತಿರುಗುತ್ತೆ." ಅತ್ತೆ ಬಾಗಿಲನ್ನೇ ನೋಡುತ್ತಿದ್ದರು. "ನಿನ್ನೆ ಎರಡನೇ ಸಲ ಅಳುವಾಗ ಅವಳು ನನಗೆ ನೆನಪಿಗೇ ಬರಲಿಲ್ಲ. ಸರಿಯಾಗಿ ಅಳ್ತಿದ್ದೀನೋ ಇಲ್ವೋ ಅಂತಲೇ ಯೋಚನೆ. ಹೆತ್ತವಳು ನಾನು. ನಾಚಿಕೆ ಆಗುತ್ತೆ."

ನಾಚಿಕೆ ನಮ್ಮದು, ಹೊತ್ತುಕೊಂಡವರು ಅವರು.

"ನೀವಿಬ್ರೂ ಸ್ವಲ್ಪ ಆಚೆ ಹೋಗಿರಿ," ಎಂದರು ಅತ್ತೆ, ಸಿಟ್ಟೇನೂ ಇಲ್ಲದೆ. "ನೀವು ನೋಡ್ತಿದ್ರೆ ನನಗೆ ದೇವ್ರನ್ನ ಕೇಳ್ಕೊಳ್ಳೋಕೆ ಬರಲ್ಲ."

ಎದ್ದು ಹೊರಗೆ ಬಂದೆವು. ಬಿಸಿಲು ಏರಿತ್ತು. ನಿಲ್ಲಲು ನೆರಳಿದ್ದದ್ದು ಎದುರಿನ ಆ ಗೋಡೆಯ ಬುಡದಲ್ಲಿ ಮಾತ್ರ.