ಹೊಸ್ತಿಲಾಚೆಯ ಕತ್ತರಿ

ಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ತುಂಬಿಕೊಂಡು ಟೈಲರು ಎಡಗೆನ್ನೆಗೆ ಕೈ ಒತ್ತಿ ನಿಂತಿದ್ದಾಗಲೇ ಹೆಡ್‌ಮೇಷ್ಟ್ರು ಬಂದರು. ಆರು ಗಂಟೆಗೆ ಅವರ ಬೀಳ್ಕೊಡುಗೆ, ಕೋಟು ಐದಕ್ಕೆ ಸಿಗುತ್ತದಲ್ಲವೇ ಎಂದು ಕೇಳಿದರು. ಟೈಲರು ನುಂಗುವಂತಿರಲಿಲ್ಲ, ಉಗುಳುವಂತೆಯೂ ಇರಲಿಲ್ಲ. ಉತ್ತರ ಹೊಸ್ತಿಲಾಚೆಯಿಂದ ಬಂತು.

"ಸಿಗುತ್ತೆ ಸಾರ್, ಕೂತ್ಕೊಳ್ಳಿ. ಇವರು ಹಲ್ಲಿಗೆ ಸಿಮೆಂಟು ಹಾಕಿಸ್ಕೊಂಡಿದ್ದಾರೆ. ಮಾತು ಸ್ವಲ್ಪ ದುಬಾರಿ."

ಹೇಳಿದವಳು ಹೆಂಡತಿ. ಹೊರಗಿನ ಮೆಟ್ಟಿಲ ಮೇಲೆ ಸ್ಟೂಲು ಹಾಕಿಕೊಂಡು ಅಂಗಿಯೊಂದಕ್ಕೆ ಕಾಜಾ ಹೊಲಿಯುತ್ತಿದ್ದಳು. ಹಲ್ಲಲ್ಲಿ ನೂಲು ಕಡಿಯಬೇಡಿ ಎಂದು ಮದುವೆಯಾದ ವರ್ಷದಿಂದ ಹೇಳುತ್ತ ಬಂದವಳು. ನೂಲಿಗೆಂದೇ ಒಂದು ಪುಟ್ಟ ಕತ್ತರಿಯನ್ನೂ ತಂದಿದ್ದಳು. ಆಟದ ಸಾಮಾನು ಎಂದು ಅವನು ನಕ್ಕಿದ್ದ. ಹೋದ ವಾರ ಕೋಟಿನ ದಪ್ಪ ನೂಲು ಕಡಿಯುವಾಗ ಹಲ್ಲಿನ ಚೂರು ಹಾರಿತು. ನಾನು ಹೇಳಿರಲಿಲ್ವಾ ಎಂದಳು. ಅವನಿಗೆ ರೇಗಿತು, ಇನ್ನು ನನ್ನಂಗಡಿಯೊಳಗೆ ಕಾಲಿಡಬೇಡ ಎಂದುಬಿಟ್ಟ.

ಅವಳು ಕಾಲಿಡಲಿಲ್ಲ. ಗುಂಡಿ ಬೇಕಾದರೆ ಹೊಸ್ತಿಲ ಮೇಲಿಂದ ಕೈ ಚಾಚುತ್ತಿದ್ದಳು. ಪುಟ್ಟ ಕತ್ತರಿ ಅವಳ ಮಡಿಲಲ್ಲೇ ಇರುತ್ತಿತ್ತು.

ಒಳಗೆ ಬಾ ಅನ್ನಬೇಕೆಂದು ಅವನಿಗೂ ಇತ್ತು. ಮೊದಲು ಹಟ ಬಿಡಲಿಲ್ಲ, ಆಮೇಲೆ ಹಲ್ಲು ಬಿಡಲಿಲ್ಲ. ಎರಡು ದಿನದಲ್ಲಿ ನೋವು ಇಳಿಯುತ್ತದೆ ಎಂದು ಡಾಕ್ಟರು ಅವನಿಗೆ ಹೇಳಿದ್ದರು. ಹಲ್ಲಿಗೆ ಯಾರೂ ಹೇಳಿದಂತಿರಲಿಲ್ಲ. ಬಾಯಿ ತೆರೆದು ಗಾಳಿ ಸೋಕಿದರೆ ಸಾಕು, ಕಿವಿಯವರೆಗೆ ಸೂಜಿ ಏರುತ್ತಿತ್ತು. ಅವಳು ಆ ಮೌನವನ್ನು ಹಲ್ಲುನೋವಿನ ನೆಪದ ಸಿಟ್ಟೆಂದೇ ತಿಳಿದಳು. ನಾಳೆಯಿಂದ ಅಣ್ಣನ ಮನೆಯಲ್ಲಿ ಕೂತು ಹೊಲಿಯುತ್ತೇನೆ, ಇಲ್ಲಿ ಬಿಸಿಲು ಎಂದು ಮಧ್ಯಾಹ್ನ ಬೀದಿಗೆ ಹೇಳುವವಳಂತೆ ಹೇಳಿದ್ದಳು.

ಹೆಡ್‌ಮೇಷ್ಟ್ರು ಬೆಂಚಿನ ಮೇಲೆ ಕೂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ಉಪ್ಪುನೀರು ಉಗುಳಿ ಬಂದು, ಕೋಟಿನ ಕೊನೆಯ ಗುಂಡಿ ಹೊಲಿದು ಗಂಟು ಹಾಕುತ್ತಲೇ ಟೈಲರ ಕೈ ತಾನಾಗಿ ಬಾಯಿಯತ್ತ ಏರಿತು. ನೂಲು ತಾಗುವ ಮೊದಲೇ ದವಡೆ ಬೆಚ್ಚಿತು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಮೊಣಕೈ ಪಕ್ಕದಲ್ಲೇ ಇತ್ತು. ಅದನ್ನು ನೋಡಿದ. ಎತ್ತಿಕೊಳ್ಳಲಿಲ್ಲ.

ಜೋತಾಡುವ ಸೂಜಿಯ ಸಮೇತ ಕೋಟನ್ನು ಹಿಡಿದುಕೊಂಡು ಹೊಸ್ತಿಲು ದಾಟಿ, ಅವಳ ಕಾಲ ಬಳಿ ಮೆಟ್ಟಿಲ ಮೇಲೆ ಕೂತ. ನೂಲನ್ನು ಬಿಗಿಯಾಗಿ ಎಳೆದು ಅವಳ ಮುಂದೆ ಹಿಡಿದ.

"ಒಳಗೆ ಬಾರೆ," ಎಂದ, ಬಲಗಡೆಯ ಅರ್ಧ ಬಾಯಲ್ಲಿ.

"ಕತ್ತರಿ ಬೇಕಿತ್ತಾ?"

"ಕತ್ತರಿ ಒಳಗೂ ಇದೆ."

ಅಷ್ಟು ಮಾತಿಗೇ ಅವನ ಕಣ್ಣಲ್ಲಿ ನೀರು ಬಂತು. ಅವಳು ಅವನ ಊದಿದ ಕೆನ್ನೆಯನ್ನು ನೋಡಿದಳು. ಮಡಿಲಿನ ಕತ್ತರಿಯನ್ನು ಮುಟ್ಟಿ, ಬಿಟ್ಟಳು. ಹೆಡ್‌ಮೇಷ್ಟ್ರು ನೋಡುತ್ತಿದ್ದಂತೆಯೇ ಬಗ್ಗಿ, ಗುಂಡಿಯ ಬುಡದಲ್ಲಿ ನೂಲನ್ನು ಹಲ್ಲಿನಿಂದ ಕಚಕ್ಕನೆ ಕಡಿದಳು.

ಆಮೇಲೆ ಸ್ಟೂಲು ಎತ್ತಿಕೊಂಡು ಒಳಗೆ ಹೋದಳು, ಕೆಳತುಟಿಯಲ್ಲಿ ಒಂದೆಳೆ ಕರಿ ನೂಲು ಅಂಟಿಸಿಕೊಂಡು.