ಆಚೆ ಹೋದವಳು

೨೦೧೯ನೇ ಇಸವಿ ಮಾರ್ಚ್ ೧೦, ಭಾನುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ನೆಲದಡಿಯ ಕಾಲುದಾರಿಯ ಆ ತುದಿಯ ಶಟರ್‌ಗೆ ಬೀಗ ಬಿದ್ದಿದ್ದನ್ನು ಕಂಡು ತಂಗಿ ವಾಪಸು ಬಂದರೆ, ಈ ತುದಿಯದೂ ಇಳಿದಿತ್ತು.

ಊರಿನ ಇಂಥ ಸುರಂಗದಾರಿಗಳನ್ನೆಲ್ಲ ನಡೆದು ನೋಡುವ ಹುಚ್ಚು ಅವಳದು. ವಾರವಿಡೀ ಕಾಲೇಜಿನ ಪ್ರಯೋಗಾಲಯ, ಭಾನುವಾರ ಬಿಲ. ಮನೆಯಲ್ಲಿ ಹೆಗ್ಗಣ ಅಂತಲೇ ಕರೆಯುತ್ತಿದ್ದರು. ಇವತ್ತು ಉಬ್ಬಸದ ಅಕ್ಕನನ್ನೂ ಎಳೆದು ತಂದಿದ್ದಳು. ಭಾರ ಹೊರಬೇಡ ಎಂದು ಅಕ್ಕನ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡಿದ್ದಳು. ಉಬ್ಬಸ ಬಂದಾಗ ಬಾಯಿಗಿಟ್ಟು ಎಳೆಯುವ ಪಂಪು ಆ ಚೀಲದಲ್ಲೇ ಇತ್ತು.

ಶಟರಿನ ಹೊರಗೆ ಸಿಳ್ಳೆಯಂಥ ಉಸಿರು ಕೇಳಿಸಿತು.

ಅಕ್ಕ ತುಂಡುತುಂಡಾಗಿ ಹೇಳಿದ್ದಿಷ್ಟು. ಒಳಗೆ ಗಾಳಿ ಸಾಲದೆ ಮೆಟ್ಟಿಲಿಗೆ ಬಂದು ಕೂತಿದ್ದಳು. ಕಾವಲುಗಾರ ಬಂದು ಒಳಗೆ ಯಾರಾದರೂ ಇದ್ದಾರೆಯೇ ಎಂದು ಕೇಳಿದ. ತಂಗಿ ಆಚೆ ಹೋಗಿದ್ದಾಳೆ ಅಂದಳು. ಅವಳ ಆಚೆ ಎಂದರೆ ಆ ತುದಿ. ಅಲ್ಲಿ ಹತ್ತಿ, ರಸ್ತೆ ದಾಟಿ ಬರುತ್ತಾಳೆ ಎಂಬ ಲೆಕ್ಕ. ಅವನ ಆಚೆ ಎಂದರೆ ಹೊರಗೆ. ಭಾನುವಾರವಾದ್ದರಿಂದ ಬೇಗನೆ ಬೀಗ ಜಡಿದು ಮನೆಗೆ ಹೋದ. ಆ ತುದಿಗೆ ಮೊದಲೇ ಬೀಗ ಹಾಕಿ ಬಂದಿದ್ದ ಎಂದು ಅಕ್ಕನಿಗೇನು ಗೊತ್ತು?

ಒಳಗೆ ಸಿಗ್ನಲ್ ಇರಲಿಲ್ಲ. ತಂಗಿ ತನ್ನ ಫೋನನ್ನು ಶಟರಿನ ಕೆಳಗೆ ತಳ್ಳಿದಳು, ಸಲೀಸಾಗಿ ತೂರಿತು. ಆದರೆ ಅಷ್ಟು ಹೇಳುವಷ್ಟರಲ್ಲಿ ಇನ್ನೆರಡು ಮಾತಿಗೂ ಉಸಿರಿಲ್ಲದಾದವಳ ಕೈಯಲ್ಲಿ ಅದು ಇದ್ದೂ ಇಲ್ಲದಂತೆ. ಪಂಪು ಮಾತ್ರ ಸಿಕ್ಕಿಕೊಂಡಿತು. ಅಡ್ಡ ಮಲಗಿಸಿದರೂ ಅಷ್ಟೇ. ಶಟರ್ ಎತ್ತಲು ಹೋಗಿ ಉಗುರು ಕಿತ್ತುಕೊಂಡಳು. ಹೊರಗೆ ಸಿಳ್ಳೆ ಸಣ್ಣದಾಗುತ್ತಿತ್ತು. ಅದು ಒಳ್ಳೆಯ ಲಕ್ಷಣವಲ್ಲ ಎಂದು ಅವಳಿಗೆ ಗೊತ್ತಿತ್ತು.

ಪಂಪನ್ನು ನೆಟ್ಟಗೆ ನಿಲ್ಲಿಸಿದಳು. ಅದರ ಬಾಯಿ ಬುಡದಲ್ಲಿ ಪಕ್ಕಕ್ಕೆ ಚಾಚಿತ್ತು. ಬಾಯಷ್ಟೇ ಸಂದಿಯಲ್ಲಿ ತೂರಿತು.

"ಮಲಗಕ್ಕ. ಕೆನ್ನೆ ನೆಲಕ್ಕಿಡು. ಬಾಯಿಗೆ ಸಿಕ್ತಾ?"

ಪಂಪು ಒಮ್ಮೆ ಅಲುಗಿತು.

"ಉಸಿರು ಬಿಡು. ಈಗ ಎಳ್ಕೋ."

ಒತ್ತಿದಳು. ಬರೀ ಕೆಮ್ಮು; ಔಷಧ ಪೋಲಾಯಿತು. ಮತ್ತೆ ಒತ್ತಿದಳು. ಮತ್ತೆ. ಬಹಳ ಹೊತ್ತಿನ ಮೇಲೆ ಮಾತು ಬಂತು.

"ಹೆಗ್ಗಣ, ಇನ್ನು ನಿನ್ನ ಹಿಂದೆ ಬಂದ್ರೆ ಕೇಳು."

ತಂಗಿ ನಗಲು ಹೋಗಿ ಅತ್ತಳು.

ಅಕ್ಕ ಭಾವನಿಗೆ ಫೋನು ಮಾಡಿದಳು. ಬೀಗ ಹಾಕಿ ಹೋದವನನ್ನು ಹುಡುಕಿ ಕರೆತರಲು ಎಷ್ಟು ಹೊತ್ತಾಗುವುದೋ ಅವರಿಗೂ ತಿಳಿಯದು. ಮೇಲೆ ಗಾಳಿಗೆ ಹೋಗಿ ಕೂರು ಎನ್ನಲು ತಂಗಿಗೆ ಬಾಯಿ ಬರಲಿಲ್ಲ. ಪಂಪು ಬಿಟ್ಟು ಅಕ್ಕ ಎಲ್ಲಿಗೂ ಹೋಗುವಂತಿರಲಿಲ್ಲ. ಇಬ್ಬರೂ ನೆಲಕ್ಕೆ ಕೆನ್ನೆ ಕೊಟ್ಟು ಮಲಗಿದರು. ನಡುವಿನ ಸಂದಿ ಎರಡು ಸೆಂಟಿಮೀಟರ್.