ಹೂಂ ಅನ್ನದ ತರಗತಿ

ಫ್ಯಾನು ಕಿರ್ರೆನ್ನುತ್ತಿದೆ, ಎಂದೂ ಕೇಳಿಸದ ಫ್ಯಾನು ಇವತ್ತು ಕೇಳಿಸುತ್ತಿದೆಯಲ್ಲ, ಅಂದರೆ ತರಗತಿ ಅಷ್ಟು ತೆಪ್ಪಗಿದೆ ಎಂದುಕೊಂಡಳು ಹರಿಣಿ ಮೇಡಂ, ಕಿಟಕಿಯಾಚೆ ವಿಶಾಖಪಟ್ಟಣದ ಬಿಸಿಲು, ಸಮುದ್ರದ ಜಿಗುಟು ಗಾಳಿ, ಹಲಗೆಯ ಮುಂದೆ ಮಾತು ಉಗ್ಗುವ ದುರ್ಗಾಭವಾನಿ, ನಾನ್ನ, ಅಂದರೆ ಅಪ್ಪ, ಎಂದಾಯಿತು, ಮುಂದಿನ ಪಡವ ಎಂಬ ಮಾತಿನ ಮೊದಲ ಅಕ್ಷರಕ್ಕೇ ತುಟಿ ಎರಡೂ ಒತ್ತಿಕೊಂಡು ಬಿಳಿಚಿವೆ, ಕತ್ತಿನ ನರ ಉಬ್ಬಿ ಕಣ್ಣು ಮುಚ್ಚಿಹೋಗಿದೆ — ಪಡವ ಅಂದರೆ ದೋಣಿ, ಭೀಮುನಿಪಟ್ಟಣದ ಮೀನುಗಾರನ ಮಗಳಿಗೆ ಅನ್ನ ಕೊಡುವ ಮಾತು, ಅದೇ ಗಂಟಲಿಗೆ ಅಡ್ಡ ನಿಂತರೆ ಹೇಗೆ, ಅನ್ನಿ ಯಾರಾದರೂ, ಹೂಂ ಅನ್ನಿ, ನಿನ್ನೆಯವರೆಗೆ ಕಥೆ ಶುರುವಾದರೆ ಸಾಕು ಬೆಂಚು ಬೆಂಚೇ ಹೂಂಗುಟ್ಟುತ್ತಿತ್ತು, ಕಣ್ಣು ಕಾಣದ ಫಣಿ ಎಲ್ಲರಿಗಿಂತ ಜೋರು, ಇವತ್ತು ಅವನ ಬಾಯಿಗೂ ಬೀಗ. ಎಲ್ಲ ಕೃಷ್ಣಪ್ರಸಾದರ ಉಸಾಬರಿ, ವಿಭಾಗದ ಮುಖ್ಯಸ್ಥರು, ಹೊರಗಿನ ಪರೀಕ್ಷಕರನ್ನು ಪಕ್ಕಕ್ಕಿಟ್ಟುಕೊಂಡು ಕೊನೆಯ ಬೆಂಚಿನಲ್ಲಿ ಮದುವೆಯ ಬೀಗರಂತೆ ಕೂತಿದ್ದಾರೆ, ಬೆಳಿಗ್ಗೆಯೇ ಬಂದು, ವಿಜಯವಾಡದಿಂದ ಸಾರ್ ಬಂದಿದಾರೆ, ಪಿನ್ ಡ್ರಾಪ್ ಸೈಲೆನ್ಸ್, ಯಾರದಾದರೂ ಸದ್ದು ಕೇಳಿಸಿತೋ ನೋಡಿ ಮತ್ತೆ, ಎಂದು ಹುಡುಗರನ್ನು ಹೆದರಿಸಿ, ಹರಿಣಿಗೂ ಹೇಳಿದ್ದರು, ಮೇಡಂ ಗಾರು, ಕಥೆ ಹೇಳಿಸ್ತೀರೋ ಹರಿಕಥೆ ಹೇಳಿಸ್ತೀರೋ ನಿಮ್ಮಿಷ್ಟ ಅಂಡಿ, ಆದರೆ ನೀವು ಬಾಯಿ ತೆರೆದರೆ ಪ್ರಾಂಪ್ಟಿಂಗ್ ಅಂತ ಲೆಕ್ಕ, ಹುಡುಗಿ ಫೇಲ್. ಹೋದ ವರ್ಷವೂ ಇದೇ ಮೌಖಿಕ ಪರೀಕ್ಷೆ, ಸ್ಲೈಡ್ ಹಾಕಿ ಇಂಗ್ಲಿಷಿನಲ್ಲಿ ಮಾತಾಡಬೇಕು, ಹೆಸರೇನಮ್ಮಾ ಎಂದರೆ ಹುಡುಗಿಗೆ ಹೆಸರೇ ಹೊರಡಲಿಲ್ಲ, ಫೇಲ್, ಈ ಸಲವೂ ಹೋದರೆ ಓದು ಸಾಕು ಎಂದು ಅವಳ ತಾಯಿ ಕೋಟೇಶ್ವರಮ್ಮ ಕಾಲೇಜಿಗೇ ಬಂದು ಹೇಳಿ ಹೋದಳು, ಮಾತು ಬರದ ಪಿಲ್ಲಗೆ, ಹುಡುಗಿಗೆ, ಮಾತಿನ ಪರೀಕ್ಷೆ ಯಾಕಮ್ಮಾ, ಮನೇಲಿರ್ತಾಳೆ ಬಿಡಿ. ಬಿಡೋದು ಹೇಗೆ, ಹಟ ಹಿಡಿದವಳು ಹರಿಣಿಯೇ ತಾನೆ, ಸ್ಲೈಡ್ ಬೇಡ, ಅವರವರ ಊರಿನ ಕಥೆ ಹೇಳಲಿ, ಬರುವ ಭಾಷೆಯಲ್ಲಿ ಹೇಳಲಿ, ಕೇಳುವವರು ಹೂಂಗುಟ್ಟಲಿ ಎಂದು ಮೀಟಿಂಗಿನಲ್ಲಿ ಜಗಳವಾಡಿ ಒಪ್ಪಿಗೆ ತಂದವಳು.

ಹೂಂಗುಟ್ಟುವುದು ಅವಳದೇನಲ್ಲ, ಕಮಲಾಕ್ಷಜ್ಜಿಯದು, ಅಪ್ಪನಿಗೆ ಬ್ಯಾಂಕಿನಲ್ಲಿ ವಿಜಯವಾಡಕ್ಕೆ ವರ್ಗವಾದಾಗ ದಾವಣಗೆರೆಯಿಂದ ಜೊತೆಗೆ ಬಂದವಳು ಅಜ್ಜಿ, ಒನ್ ಟೌನ್ ಪೇಟೆಯ ಬಾಡಿಗೆ ಮನೆ, ಕೆಳಗೆ ಮೆಣಸಿನಕಾಯಿ ಮಂಡಿಯ ಘಾಟು, ತೆಲುಗು ಬಾರದ ಹರಿಣಿ ಶಾಲೆಯಲ್ಲಿ ದಿನವಿಡೀ ತುಟಿ ಬಿಗಿದು ಕೂತು ಸಂಜೆ ಅಜ್ಜಿಯ ತೊಡೆಗೊರಗಿದರೆ ಕಥೆ, ಒಂದೊಂದು ಮಾತಿಗೂ ಹೂಂ ಅನ್ನಬೇಕು, ಪಕ್ಕದ ಮನೆಯ ತೆಲುಗು ಮಕ್ಕಳೂ ಬಂದು ಕೂತು, ಕನ್ನಡ ತಿಳಿಯದಿದ್ದರೂ ಊ ಊ ಎನ್ನುತ್ತಿದ್ದರು, ಅವರ ಮನೆಗಳಲ್ಲೂ ಅದೇ ಪದ್ಧತಿ, ಮರೆತರೋ ಅಜ್ಜಿ ಗಪ್ಪನೆ ನಿಲ್ಲಿಸಿ, ತುಟಿ ಮುಚ್ಚಿ, ನೆಟ್ಟಗೆ ನೋಡುತ್ತ ಕೂತುಬಿಡುವಳು, ಆಮೇಲೆ ನಿಧಾನಕ್ಕೆ, ನೀವು ಹೂಂ ಅನ್ನಲಿಲ್ಲ ಅಂದ್ರೆ ರಾಜಕುಮಾರ ಹೊಳೆ ನಡುವೇ ನಿಂತ್ಕಂಡಿರ್ತಾನೆ, ನನ್ನ ಕೇಳ್ಬ್ಯಾಡ್ರಿ. ಅದನ್ನೇ ಮೊದಲ ದಿನ ಹರಿಣಿ ಈ ತರಗತಿಗೂ ಹೇಳಿದ್ದಳು, ಹೂಂ ಇಲ್ಲದಿದ್ದರೆ ಕಥೆ ಮುಂದಕ್ಕೆ ಹೋಗಕೂಡದು, ಹೇಳುವವರಿಗೆ ಆ ಹಕ್ಕುಂಟು, ಆ ಹೂಂಗಳ ನಡುವೆ ಭವಾನಿಯ ಮಾತು ಮೆಲ್ಲಗೆ ಹೆಜ್ಜೆಯಿಟ್ಟಿತ್ತು — ಅಯ್ಯೋ, ನಾನೇ ಊರುಗೋಲು ಕೊಟ್ಟು ಈಗ ಕಿತ್ತುಕೊಳ್ಳುವುದನ್ನು ನೋಡುತ್ತಾ ಕೂತೆನಲ್ಲ, ನಾಳೆ ಕೆಲಸಕ್ಕೆ ಹೋದಲ್ಲಿ ಇವಳಿಗೆ ಹೂಂ ಅನ್ನುವವರು ಯಾರು, ಕೃಷ್ಣಪ್ರಸಾದ್ ಗಡಿಯಾರ ನೋಡುತ್ತಿದ್ದಾರೆ, ಪರೀಕ್ಷಕರು ಪೆನ್ನು ಎತ್ತಿದರು.

ಪ, ಪ್ಪ, ಪಡವಕಿ — ಬಂತು, ಯಾರ ಹೂಂ ಇಲ್ಲದೆಯೂ ಬಂತು, ನಾನ್ನ ಪಡವಕಿ ನಾ ಪೇರೇ ಪೆಟ್ಟಾಡು, ಅಪ್ಪ ದೋಣಿಗೆ ನನ್ನ ಹೆಸರೇ ಇಟ್ಟ, ಇಡೀ ವಾಕ್ಯ, ಹರಿಣಿಯ ಕಣ್ಣಲ್ಲಿ ಥಟ್ಟನೆ ನೀರು, ಮುಂದೆ ಹೇಳು ಮಗಳೇ, ಹೇಳು, ಆದರೆ ಮತ್ತೆ ಆ ತುಟಿ ಮುಚ್ಚಿಕೊಂಡಿತು, ಮತ್ತೆ ಫ್ಯಾನು, ಕಂಟಿನ್ಯೂ ಅಮ್ಮಾ ಎಂದರು ಕೃಷ್ಣಪ್ರಸಾದ್, ಸದ್ದಿಲ್ಲ, ಕಂಟಿನ್ಯೂ, ಸದ್ದಿಲ್ಲ, ಸಿಕ್ಕಿಕೊಂಡಳು, ಮುಗಿಯಿತು, ಹಾಳಾಗಿ ಹೋಗಲಿ ಪ್ರಾಂಪ್ಟಿಂಗು, ಹರಿಣಿ ಕುರ್ಚಿಯಿಂದ ಅರ್ಧ ಎದ್ದಳು, ಹೂಂ ನಾಲಿಗೆಯ ತುದಿಗೆ ಬಂದಿತ್ತು — ಕತ್ತು ನೋಡಿದಳು. ನರ ಉಬ್ಬಿಲ್ಲ. ಕಣ್ಣು ಮುಚ್ಚಿಲ್ಲ, ತೆರೆದಿದೆ, ನೋಡುತ್ತಿರುವುದು ಹರಿಣಿಯನ್ನಲ್ಲ, ಕೊನೆಯ ಬೆಂಚನ್ನು, ವಿಜಯವಾಡದ ಆ ಸಾರನ್ನು, ನೆಟ್ಟಗೆ, ಇವಳು ಸಿಕ್ಕಿಕೊಂಡಿಲ್ಲ, ಹೇಳಬೇಕಾದ ಒಂದು ಮಾತು ಹೇಳಿಯಾಗಿದೆ, ಈಗ ಸರದಿ ಕೇಳುವವರದು, ಪರೀಕ್ಷಕರ ಪೆನ್ನು ಗಾಳಿಯಲ್ಲೇ ನಿಂತಿದೆ, ಅನ್ನಿ ಸಾರ್, ನಿಮಗೂ ಮನೆಯಲ್ಲಿ ಯಾರಾದರೂ ಕಥೆ ಹೇಳಿರುತ್ತಾರಲ್ಲ, ದೋಣಿ ನೀರಿಗಿಳಿಯಬೇಕು, ಅನ್ನಿ, ಹರಿಣಿ ಮೆಲ್ಲಗೆ ಕುರ್ಚಿಗೆ ಮರಳಿದಳು, ಹಲಗೆಯ ಮುಂದೆ ಆ ತುಟಿ, ಒತ್ತಿಲ್ಲ, ಬಿಳಿಚಿಲ್ಲ, ತಾನಾಗಿ ಮುಚ್ಚಿಕೊಂಡ ತುಟಿ, ಕಾಯುತ್ತಿರುವ ತುಟಿ, ಆ ತುಟಿ